ಪಿಸ್ಟನ್ ಸುಟ್ಟರೆ ತಪ್ಪು ಪಿಸ್ಟನ್ನಿನದೇ?

ಮೊದಲೇ ಹೇಳಿಬಿಡುತ್ತೇನೆ. ನಾನು ಮೇಷ್ಟ್ರು, ಮೆಕ್ಯಾನಿಕ್ ಅಲ್ಲ. ಸ್ಪ್ಯಾನರ್ ಹಿಡಿದದ್ದಕ್ಕಿಂತ ಸೀಮೆಸುಣ್ಣ ಹಿಡಿದದ್ದೇ ಹೆಚ್ಚು. ಆದರೂ ಇವತ್ತು ಒಂದು ಹಳೆಯ ದೋಣಿ ಮೋಟಾರಿನ ಬಗ್ಗೆ ಬರೆಯಲು ಕೂತಿದ್ದೇನೆ. ಯಾಕೆಂದರೆ ಅದು ನಡುನೀರಿನಲ್ಲಿ ನಿಂತಾಗ ದೋಣಿಯಲ್ಲಿದ್ದ ಹದಿನಾಲ್ಕು ಮಂದಿಯಲ್ಲಿ ನಾನೂ ಒಬ್ಬ.

ಜೂರಾಲ ನೋಡದವರಿಗೆ ಎರಡು ಮಾತು. ಕೃಷ್ಣಾ ನದಿಗೆ ಅಡ್ಡಲಾಗಿ ಕಟ್ಟಿದ ಈ ಅಣೆಕಟ್ಟಿಗೆ 1981ರಲ್ಲಿ ಅಡಿಗಲ್ಲು ಬಿತ್ತು, 1995ರಲ್ಲಿ ಉದ್ಘಾಟನೆಯಾಯಿತು. ಅದರ ಹಿನ್ನೀರು ಮಕ್ತಲ್ ಸೀಮೆಯ ಹಳ್ಳಿಗಳ ಅಂಚಿಗೆ ಬಂದು ನಿಂತಿದೆ. ಈಚೆ ದಡದ ಪಂಚದೇವಪಹಾಡ್ ತೆಲಂಗಾಣದ್ದು. ನದಿಯ ನಡುವಿರುವ ಶ್ರೀಪಾದ ಶ್ರೀವಲ್ಲಭರ ಕುರವಪುರ ಕರ್ನಾಟಕದ ರಾಯಚೂರು ಜಿಲ್ಲೆಯದು. ನಡುಗಡ್ಡೆಯ ಜನ ಸಂತೆಗೆ ಈ ಕಡೆ ಬರುತ್ತಾರೆ, ಭಕ್ತರು ಆ ಕಡೆ ಹೋಗುತ್ತಾರೆ. ಹಿಂದೆ ಎಲ್ಲದಕ್ಕೂ ಹರಗೋಲೇ ಇತ್ತು (ತೆಲುಗಿನವರು ಪುಟ್ಟಿ ಅಂತಾರೆ). ಈಗ ಮೋಟಾರು ದೋಣಿಗಳೂ ಬಂದಿವೆ. 2020ರ ಆಗಸ್ಟ್‌ನಲ್ಲಿ ಪಂಚದೇವಪಹಾಡ್ ಹತ್ತಿರ ತೆಪ್ಪ ಮಗುಚಿ ನಾಲ್ವರು ನೀರುಪಾಲಾದದ್ದು ಇಲ್ಲಿಯವರಿಗೆ ಇನ್ನೂ ಮರೆತಿಲ್ಲ. ಮೋಟಾರು ಬಂದಮೇಲೆ ಭಯ ಹೋಯಿತು ಅಂತ ಎಲ್ಲರೂ ಅಂದುಕೊಂಡಿದ್ದೇವೆ. ನನ್ನ ತಕರಾರು ಇರುವುದು ಅಲ್ಲೇ.

ನಾನು ಹೇಳುತ್ತಿರುವ ಘಾಟಿನ ಹೆಸರು ಬೇಡ. ಆ ಅಂಬಿಗರ ಹೊಟ್ಟೆಪಾಡಿನ ಪ್ರಶ್ನೆ. ಅವತ್ತು ಸಂಜೆ ವಾಪಸ್ ಬರುವಾಗ ಮೋಟಾರಿನ ಸದ್ದು ಇದ್ದಕ್ಕಿದ್ದಂತೆ ದಪ್ಪಗಾಯಿತು, ಬಿಸಿ ಎಣ್ಣೆಯ ವಾಸನೆ ಬಂತು, ಆಮೇಲೆ ಗಕ್ಕನೆ ನಿಂತಿತು. ಹಗ್ಗ ಎಳೆದರೆ ಅಲುಗಾಡಲಿಲ್ಲ. ದೋಣಿಯಲ್ಲಿದ್ದದ್ದು ಒಂದೇ ಹುಟ್ಟು. ಗಾಳಿ ನಮ್ಮನ್ನು ಅಡ್ಡಕ್ಕೆ ತಳ್ಳುತ್ತಿತ್ತು. ಒಬ್ಬ ತಾಯಿ ಮಗುವನ್ನು ಎದೆಗೆ ಒತ್ತಿಕೊಂಡು ಕಣ್ಣು ಮುಚ್ಚಿದ್ದಳು. ಕೊನೆಗೆ ಮೀನು ಹಿಡಿಯುತ್ತಿದ್ದ ಇಬ್ಬರು ಹುಡುಗರು ಹರಗೋಲಿನಲ್ಲಿ ಬಂದು, ಹಗ್ಗ ಕಟ್ಟಿ, ನಮ್ಮನ್ನು ದಡಕ್ಕೆ ಎಳೆದರು. ಮೋಟಾರು ದೋಣಿಯನ್ನು ಹರಗೋಲು ಕಾಪಾಡಿತು!

ದಡದಲ್ಲಿ ಎಲ್ಲರದೂ ಒಂದೇ ಮಾತು. "ಪಿಸ್ಟನ್ ಹೋಗ್ಯದ. ಹೊಸದು ಹಾಕಿಬಿಟ್ರ ಆತು, ಇನ್ನೇನದ?" ಅಂಬಿಗ ಮಾತ್ರ ತಲೆ ಮೇಲೆ ಕೈ ಹೊತ್ತು ಕೂತಿದ್ದ. "ಹೋದ ತಿಂಗಳ ಹಾಕಿಸೀನ್ರಿ ಸರ್ ಹೊಸ ಪಿಸ್ಟನ್. ಮಾಲೇ ಖೊಟ್ಟಿ ಬಂದದ."

ಮಾಲು ಖೊಟ್ಟಿ ಇರಲಿಲ್ಲ. ಮರುವಾರ ಅವನ ಜೊತೆ ನಾನೂ ರಾಯಚೂರಿಗೆ ಹೋದೆ, ಮೋಟಾರು ಬಿಚ್ಚುವಾಗ ಪಕ್ಕದಲ್ಲೇ ನಿಂತೆ. ವಯಸ್ಸಾದ ಮೇಸ್ತ್ರಿಯೊಬ್ಬರು ಸುಟ್ಟ ಪಿಸ್ಟನ್ ಕೈಯಲ್ಲಿ ಹಿಡಿದು, ನಾವು ಉತ್ತರಪತ್ರಿಕೆ ನೋಡುವ ಹಾಗೆ ತಿರುಗಿಸಿ ನೋಡಿದರು. ಪಿಸ್ಟನ್ನಿನ ಗಾಯ ನೋಡಿದರೆ ರೋಗ ಗೊತ್ತಾಗುತ್ತದಂತೆ. ತಲೆಯಲ್ಲಿ ತೂತು ಬಿದ್ದಿದ್ದರೆ ಗಾಳಿ ಹೆಚ್ಚಾಗಿ ಪೆಟ್ರೋಲು ಕಡಿಮೆಯಾಗಿರಬಹುದು, ಇಲ್ಲವೇ ಕಿಡಿ ಹೊತ್ತುವ ಮೊದಲೇ ಇಂಧನ ಹೊತ್ತಿಕೊಂಡಿರಬಹುದು. ಸುತ್ತಲೂ ಒಣಗಿ ಗೀರಿದ್ದರೆ ಎಣ್ಣೆ ಸಾಲದು. ನಾಲ್ಕು ಮೂಲೆಯಲ್ಲಿ ಗೀರು ಬಿದ್ದಿದ್ದರೆ ಸಾಮಾನ್ಯವಾಗಿ ಕಾವು ಹೆಚ್ಚಾಗಿ ಹಿಡಿದುಕೊಂಡದ್ದು. ನಮ್ಮದು ಈ ಕೊನೆಯ ಜಾತಿ.

ಇದು ನಾನು ಮಕ್ಕಳಿಗೆ ಹೇಳುವ ಪಾಠವೇ. ಪಿಸ್ಟನ್ ಅಲ್ಯೂಮಿನಿಯಂನದು, ಅದು ಓಡಾಡುವ ತೋಳು ಬೀಡುಕಬ್ಬಿಣದ್ದು. ಒಂದೇ ಕಾವಿಗೆ ಅಲ್ಯೂಮಿನಿಯಂ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. ಎರಡರ ನಡುವೆ ಬಿಟ್ಟ ಜಾಗ ಒಂದು ತಲೆಗೂದಲಿನ ದಪ್ಪದಷ್ಟು ಮಾತ್ರ. ನೀರು ಬಂದು ತಣಿಸದಿದ್ದರೆ ಆ ಕೂದಲಿನ ಜಾಗ ಮುಚ್ಚುತ್ತದೆ, ಲೋಹಕ್ಕೆ ಲೋಹ ಅಂಟುತ್ತದೆ.

ಹಾಗಾದರೆ ನೀರು ಯಾಕೆ ಬರಲಿಲ್ಲ? ಮೇಸ್ತ್ರಿ ಕೆಳಗಿನ ಕಾಲು ಬಿಚ್ಚಿದರು. ನದಿಯ ನೀರನ್ನು ಮೇಲಕ್ಕೆ ತಳ್ಳುವ ಇಂಪೆಲ್ಲರ್ ಎಂಬ ರಬ್ಬರ್ ಚಕ್ರ ಅಲ್ಲಿರುತ್ತದೆ. ಅದರ ರೆಕ್ಕೆಗಳಲ್ಲಿ ಮೂರು ಮುರಿದಿದ್ದವು, ಉಳಿದವು ಸವೆದು ಮೊಂಡಾಗಿದ್ದವು. ನೀರು ಒಳಗೆ ಬರುವ ಜಾಲರಿಯಲ್ಲಿ ಹೂಳು, ಜೊತೆಗೆ ಪ್ಲಾಸ್ಟಿಕ್ ಚೀಲದ ಒಂದು ತುಂಡು. ಜೂರಾಲದಲ್ಲಿ ಇದು ಆಶ್ಚರ್ಯವಲ್ಲ. ಮೊದಲು ಸುಮಾರು 12 ಟಿಎಂಸಿ ಇದ್ದ ಜಲಾಶಯದ ಸಾಮರ್ಥ್ಯ ಹೂಳು ತುಂಬಿ 10ಕ್ಕಿಂತ ಕೆಳಗಿಳಿದಿದೆ. ಬೇಸಿಗೆಯಲ್ಲಿ ನೀರು ತಗ್ಗಿದಾಗ ಮೋಟಾರು ಕುಡಿಯುವುದು ಅರ್ಧ ನೀರು, ಅರ್ಧ ಕೆಸರು. ಮರಳು ಕೂಡಿದ ನೀರಿಗೆ ರಬ್ಬರ್ ಎಷ್ಟು ದಿನ ತಾಳೀತು?

ಹೋದ ತಿಂಗಳು ಬೇರೆಯವರ ಕೈಯಲ್ಲಿ ಪಿಸ್ಟನ್ ಹಾಕಿಸಿದಾಗ ಈ ಚಕ್ರವನ್ನು ಯಾರೂ ನೋಡಿರಲಿಲ್ಲ. ಸಿಲಿಂಡರ್ ಅಳೆದಿರಲಿಲ್ಲ. ಗೀರಿದ ತೋಳಿಗೇ ಹೊಸ ಪಿಸ್ಟನ್ ತುರುಕಿ ಕಳಿಸಿದ್ದರು. ಹೊಸ ಪಿಸ್ಟನ್ ಹಳೆಯ ರೋಗಕ್ಕೆ ಬಲಿಯಾಯಿತು, ಅಷ್ಟೆ.

ಈ ಸಲ ಕೆಲಸ ಹೇಗಾಯಿತು ಅನ್ನುವುದನ್ನೂ ಬರೆಯುತ್ತೇನೆ, ಯಾರಿಗಾದರೂ ಉಪಯೋಗವಾದೀತು. ತೋಳನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದರು. ಸವೆತ ಕಂಡದ್ದರಿಂದ ಲೇತಿನಲ್ಲಿ ಬೋರ್ ಮಾಡಿಸಿ, ಅದಕ್ಕೆ ಹೊಂದುವ ಒಂದು ಅಳತೆ ದೊಡ್ಡ ಪಿಸ್ಟನ್ ಮತ್ತು ರಿಂಗು ತರಿಸಿದರು. ಮಲ್ಪೆ, ಮಂಗಳೂರಿನ ಕಡೆ ನಾಡದೋಣಿಗಳಿಗೆ ಇಂಥ ಮೋಟಾರು ಸಾಮಾನ್ಯ, ಬಿಡಿಭಾಗ ಅಲ್ಲಿಂದ ಬಂತು. ರಿಂಗನ್ನು ಮೊದಲು ಬರೀ ತೋಳಿನೊಳಗೆ ಇಟ್ಟು ಅದರ ಬಾಯಿಯ ಸಂದು ಅಳೆದರು. ಪಿಸ್ಟನ್ ತಲೆಯ ಗುರುತು ಪುಸ್ತಕ ಹೇಳಿದ ದಿಕ್ಕಿಗೇ ಬರಬೇಕು, ರಿಂಗಿನ ಬಾಯಿ ಅದರ ಮೊಳೆಗೆ ಕೂರಬೇಕು. ಪಿನ್ನಿನ ಲಾಕು, ಗ್ಯಾಸ್ಕೆಟ್ ಎರಡೂ ಹೊಸವೇ. ಹಳೆಯ ಲಾಕು ಬಿಚ್ಚಿಕೊಂಡರೆ ಮತ್ತೆ ತೋಳೇ ಹೋಗುತ್ತದೆ. ಎರಡನೆಯ ಸಿಲಿಂಡರಿನ ಒತ್ತಡವನ್ನೂ ನೋಡಿದರು. ಕಾರ್ಬ್ಯುರೇಟರ್ ತೊಳೆದು ಹಳೆಯ ಪೆಟ್ರೋಲು ಪೈಪು ಬದಲಿಸಿದರು. ಈಗಿನ ಪೆಟ್ರೋಲಿನಲ್ಲಿ ಶೇಕಡ 20 ಎಥನಾಲ್ ಇರುತ್ತದೆ. ಅದು ನೀರು ಹೀರಿಕೊಳ್ಳುತ್ತದೆ, ಹಳೆಯ ರಬ್ಬರನ್ನು ತಿನ್ನುತ್ತದೆ. ಕೊನೆಗೆ ಹೊಸ ಇಂಪೆಲ್ಲರ್. ಇಡೀ ಕೆಲಸದಲ್ಲಿ ಅತಿ ಅಗ್ಗದ ಸಾಮಾನುಗಳಲ್ಲಿ ಅದೂ ಒಂದು!

"ಇಷ್ಟು ಹಳೆಯ ಮೋಟಾರಿಗೆ ಯಾಕೆ ಇಷ್ಟು ಖರ್ಚು, ಗುಜರಿಗೆ ಹಾಕಿ" ಅಂದವರಿದ್ದರು. ನಾನು ಒಪ್ಪುವುದಿಲ್ಲ. ಕಬ್ಬಿಣದ ತೋಳಿರುವ ಮೋಟಾರನ್ನು ಅಳತೆ ಮುಗಿಯುವವರೆಗೂ ಮತ್ತೆ ಬೋರ್ ಮಾಡಿಸಬಹುದು. ಬಡ ಅಂಬಿಗನಿಗೆ ಹೊಸದರ ಸಾಲಕ್ಕಿಂತ ಸರಿಯಾಗಿ ರಿಪೇರಿಯಾದ ಹಳೆಯದೇ ಮೇಲು. ನನ್ನ ವಿರೋಧ ಹಳೆಯ ಮೋಟಾರಿಗಲ್ಲ, "ಸದ್ಯಕ್ಕ ನಡೀತದ" ಅನ್ನುವ ಅರ್ಧ ರಿಪೇರಿಗೆ.

ಅರ್ಧ ರಿಪೇರಿಗೆ ಅಂಬಿಗನೊಬ್ಬನೇ ಕಾರಣ ಅಂತಲೂ ನಾನು ಹೇಳುವುದಿಲ್ಲ. ಹೊಸ ಪಿಸ್ಟನ್ ಹಾಕಿದ ಮೇಲೆ ಮೊದಲ ಹತ್ತು ಗಂಟೆ ಎಣ್ಣೆ ಎರಡರಷ್ಟು ಬೆರೆಸಿ, ಭಾರ ಹಾಕದೆ, ಮೆಲ್ಲಗೆ ಓಡಿಸಬೇಕು ಎಂದು ಮೇಸ್ತ್ರಿ ಹೇಳಿದರು. ಲೀಟರಿಗೆ 20 ಮಿಲಿ ಬೇಕಾದಲ್ಲಿ 40. ಜಾತ್ರೆಯ ದಿನ ಘಾಟಿನಲ್ಲಿ ಇನ್ನೂರು ಜನ ನಿಂತು "ಬೇಗ ಬಿಡೋ" ಎಂದು ಕೂಗುವಾಗ ಖಾಲಿ ದೋಣಿ ಓಡಿಸುವ ಧೈರ್ಯ ಯಾವ ಅಂಬಿಗನಿಗಿದೆ? ಹಾಗೆ ಕೂಗುವವರಲ್ಲಿ ನಾವೇ ಇರುತ್ತೇವೆ. 1917ರ ಕಾಯ್ದೆಯ ಜಾಗದಲ್ಲಿ 2021ರಲ್ಲಿ ಹೊಸ ಒಳನಾಡು ನೌಕೆಗಳ ಕಾಯ್ದೆ ಬಂದಿದೆ. ಮೋಟಾರು ದೋಣಿಗೆ ತಪಾಸಣೆ, ನೋಂದಣಿ ಬೇಕೆನ್ನುತ್ತದೆ. ಕಾಯ್ದೆ ಘಾಟಿಗೆ ಇಳಿದು ಬರಬೇಕು, ಸರಿ. ಘಾಟಿನಿಂದ ಆದಾಯ ಪಡೆಯುವವರು ಒಂದು ಬದಲಿ ಮೋಟಾರು, ಎರಡು ಹುಟ್ಟು, ತಲೆಗೊಂದು ಜಾಕೆಟ್ ಇಡಬೇಕು, ಅದೂ ಸರಿ. ಅಲ್ಲಿಯವರೆಗೆ ನಾವು ಮಾಡಬಹುದಾದದ್ದು ಒಂದಿದೆ.

ಇಂಥ ಮೋಟಾರುಗಳಲ್ಲಿ ಬಹಳಷ್ಟಕ್ಕೆ, ನೀರು ಸರಿಯಾಗಿ ಏರುತ್ತಿದ್ದರೆ ಹಿಂಬದಿಯ ಸಣ್ಣ ತೂತಿನಿಂದ ಒಂದು ಧಾರೆ ಚಿಮ್ಮುತ್ತಿರುತ್ತದೆ. ಧಾರೆ ಸಣ್ಣಗಾದರೆ ಅಥವಾ ನಿಂತರೆ ಕೂಡಲೇ ಮೋಟಾರು ಆರಿಸಬೇಕು. ಇದನ್ನು ನೋಡಲು ಮೆಕ್ಯಾನಿಕ್ ಆಗಬೇಕಿಲ್ಲ, ಕಣ್ಣಿದ್ದರೆ ಸಾಕು. ಉಷ್ಣದ ಪಾಠ ಮಾಡುವಾಗ ಆ ಸುಟ್ಟ ಪಿಸ್ಟನ್ನನ್ನೇ ತರಗತಿಗೆ ಒಯ್ದಿದ್ದೆ. ಮಕ್ಕಳು ಒಬ್ಬರ ಕೈಯಿಂದ ಒಬ್ಬರು ಕಿತ್ತುಕೊಂಡು ನೋಡಿದರು. ಧಾರೆಯ ವಿಷಯವನ್ನೂ ಹೇಳಿದೆ.

ಮೊನ್ನೆ ಅದೇ ದೋಣಿ ಹತ್ತಿದೆ. ನಾನಿನ್ನೂ ಕೂತಿರಲಿಲ್ಲ, ಹಿಂದಿನಿಂದ ನಮ್ಮ ಶಾಲೆಯ ಹುಡುಗಿಯೊಬ್ಬಳು ಕೂಗಿದಳು: "ಸರ್, ನೀರು ಬರಾಕತ್ಯಾವ, ಕೂಡ್ರಿ!"

ಅಂಬಿಗ ನಕ್ಕು, ತಾನೂ ಒಮ್ಮೆ ಹಿಂದಿರುಗಿ ನೋಡಿ, ದೋಣಿ ಬಿಟ್ಟ. ಈ ಸಲ ಅವನ ಕಾಲಬುಡದಲ್ಲಿ ಎರಡು ಹುಟ್ಟು ಇದ್ದವು.