ರಿವಾಲ್ವರ್ ಬಂತು, ಪಾಠ ಯಾವಾಗ?

ಪೇಟೆ ಬೀದಿಯ ಸಾಹುಕಾರರೊಬ್ಬರಿಗೆ ರಿವಾಲ್ವರ್ ಲೈಸೆನ್ಸ್ ಸಿಕ್ಕಿತೆಂದರೆ ಸಾಕು, ಸುದ್ದಿ ಸಂಜೆಯೊಳಗೆ ಬಸ್ ನಿಲ್ದಾಣದ ಕಾಫಿ ಹೋಟೆಲು ಮುಟ್ಟುತ್ತದೆ. "ಎಷ್ಟು ಕೊಟ್ರಂತೆ?" "ಯಾವ ಕಂಪನಿದಂತೆ?" ಎಂದು ಕೇಳುವವರೇ ಎಲ್ಲ. "ಹೊಡೆಯೋಕೆ ಬರುತ್ತಾ? ರಾತ್ರಿ ಎಲ್ಲಿಡ್ತಾರೆ?" ಅಂತ ಕೇಳುವವರು ಒಬ್ಬರೂ ಇಲ್ಲ. ಊರಿಗೆ ಸಂಬಂಧಪಟ್ಟ ಪ್ರಶ್ನೆ ಮಾತ್ರ ಆ ಕೊನೆಯದೇ.

ವ್ಯಾಪಾರಸ್ಥರ ಭಯ ಸುಳ್ಳಲ್ಲ. ರಾತ್ರಿ ಷಟರ್ ಎಳೆದು ದಿನದ ಕಲೆಕ್ಷನ್ ಚೀಲದಲ್ಲಿಟ್ಟುಕೊಂಡು ಒಬ್ಬರೇ ಮನೆಗೆ ಹೋಗುವವನ ಎದೆ ಹೇಗೆ ಹೊಡೆದುಕೊಳ್ಳುತ್ತದೆಂಬುದು ಅವನಿಗೇ ಗೊತ್ತು. ಕಾನೂನು ಪ್ರಕಾರ ಅರ್ಜಿ ಹಾಕಿ ಲೈಸೆನ್ಸ್ ಪಡೆದರೆ ತಪ್ಪು ಹೇಳುವವರು ಯಾರು? ಆದರೆ ಲೈಸೆನ್ಸ್ ಎಂಬುದು ಕಾಗದ. ಅದು ಇಟ್ಟುಕೊಳ್ಳಲು ಅನುಮತಿ ಕೊಡುತ್ತದೆಯೇ ಹೊರತು ಕೈಗೆ ವಿದ್ಯೆ ಕೊಡುವುದಿಲ್ಲ.

2024ರ ಅಕ್ಟೋಬರ್ 1ರಂದು ಏನಾಯಿತು ನೆನಪಿದೆಯೇ? ಹಿಂದಿ ಚಿತ್ರನಟ ಗೋವಿಂದ ಮುಂಬೈನ ತಮ್ಮ ಮನೆಯಲ್ಲಿ ಬೆಳಗಿನ ಜಾವ ಊರಿಗೆ ಹೊರಡುವ ಸಿದ್ಧತೆಯಲ್ಲಿದ್ದರು. ತಮ್ಮದೇ ಲೈಸೆನ್ಸಿನ ರಿವಾಲ್ವರ್ ಸಿಡಿದು ಅವರ ಕಾಲಿಗೇ ಗುಂಡು ಹೊಕ್ಕಿತು. ಆಸ್ಪತ್ರೆಯಲ್ಲಿ ಗುಂಡು ತೆಗೆದರು, ಜೀವ ಉಳಿಯಿತು. ಅಲ್ಲಿ ಕಳ್ಳನೂ ಇರಲಿಲ್ಲ, ದರೋಡೆಕೋರನೂ ಇರಲಿಲ್ಲ. ಇದ್ದದ್ದು ಗುಂಡು ತುಂಬಿದ ಒಂದು ರಿವಾಲ್ವರ್ ಮಾತ್ರ!

ಕಾನೂನು ಏನು ಹೇಳುತ್ತದೆ?

1959ರ ಶಸ್ತ್ರಾಸ್ತ್ರ ಕಾಯ್ದೆ, 2016ರ ನಿಯಮಗಳು ಈ ವಿಷಯದಲ್ಲಿ ಕಣ್ಣು ಮುಚ್ಚಿಕೊಂಡಿಲ್ಲ. ಅರ್ಜಿದಾರ ತರಬೇತಿ ಮುಗಿಸಿ ಪ್ರಮಾಣಪತ್ರ ತರಬೇಕೆಂದು ನಿಯಮವೇ ಹೇಳುತ್ತದೆ. ಆಯುಧವನ್ನು ಸುರಕ್ಷಿತವಾಗಿ ಹಿಡಿಯುವುದು, ಗುರಿಯಿಡುವುದು, ಶುಚಿ ಮಾಡುವುದು, ಇಡುವುದು, ಸಾಗಿಸುವುದು, ಕಾನೂನಿನ ಜವಾಬ್ದಾರಿ, ಇವೆಲ್ಲ ಆ ಪಾಠದಲ್ಲಿ ಸೇರಿವೆ. 2019ರ ತಿದ್ದುಪಡಿ ಬಂದ ಮೇಲೆ ಲೈಸೆನ್ಸಿನ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿತು. ಅಂದರೆ ಇಂದು ಅರೆಬರೆ ಕಲಿತವನ ಕೈಯಲ್ಲಿ ಆಯುಧ 5 ವರ್ಷ ಇರುತ್ತದೆ. ಆದ್ದರಿಂದ ಆ ಪ್ರಮಾಣಪತ್ರ ಬರೀ ಸಹಿ-ಸೀಲಿನ ಕಾಗದವಾಗಬಾರದು.

ಮೊದಲು ಕೊಳ್ಳಬೇಕಾದ್ದು

ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ಮಹಿಳೆಯರಿಗೆಂದು ಅರ್ಧ ಕಿಲೋ ತೂಕದ 'ನಿರ್ಭೀಕ್' ರಿವಾಲ್ವರ್ ತಂದಾಗ ಅದರ ಬೆಲೆ 1 ಲಕ್ಷ 20 ಸಾವಿರ ದಾಟಿತ್ತು. ಅಷ್ಟು ಹಣ ಎಣಿಸಿ ಕೊಡುವವರು ಅದನ್ನಿಡುವ ಪೆಟ್ಟಿಗೆಗೆ ಬಂದಾಗ ಚೌಕಾಶಿಗೆ ಇಳಿದರೆ ಹೇಗೆ? ಚಿನ್ನ ಕೊಂಡು ಚಿಂದಿಯಲ್ಲಿ ಕಟ್ಟಿಟ್ಟ ಹಾಗೆ!

ಮೊದಲನೆಯದು ಬೀಗ. ಗೋಡೆಗೋ ನೆಲಕ್ಕೋ ಬಿಗಿದ ಉಕ್ಕಿನ ಪೆಟ್ಟಿಗೆ ಬೇಕು. ಆಯುಧ ಒಂದು ಬೀಗದಲ್ಲಿ, ತೋಟಾ ಇನ್ನೊಂದು ಬೀಗದಲ್ಲಿ. ಬೀಗದ ಕೈ ಯಜಮಾನನ ಹತ್ತಿರ, ದೇವರ ಪಟದ ಹಿಂದೆ ಅಲ್ಲ. ದಿಂಬಿನ ಕೆಳಗೆ, ಬೀರುವಿನ ಸೀರೆಗಳ ನಡುವೆ, ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಇಡುವ ಪದ್ಧತಿ ಇವತ್ತೇ ನಿಲ್ಲಬೇಕು. ಗಲ್ಲಾಪೆಟ್ಟಿಗೆಗೆ ದಿನಕ್ಕೆ ಎಷ್ಟು ಕೈ ಹೋಗುತ್ತವೆ ಎಂಬುದು ಅಂಗಡಿಯವರಿಗೆ ಗೊತ್ತಿಲ್ಲದ್ದೇ? ಮಕ್ಕಳ ಕಣ್ಣಿಗೆ ಬೀಳದ ಜಾಗವೆಂಬುದು ಮನೆಯಲ್ಲಿ ಇಲ್ಲವೇ ಇಲ್ಲ.

ಎರಡನೆಯದು ಹೋಲ್‌ಸ್ಟರ್. ಸಿಕ್ಕಿದ ಚರ್ಮದ ಚೀಲವಲ್ಲ, ಅದೇ ಮಾದರಿಯ ರಿವಾಲ್ವರಿಗೋ ಪಿಸ್ತೂಲಿಗೋ ಅಳತೆಯಾಗಿ ಕೂರುವಂಥದ್ದು. ಟ್ರಿಗರ್ ಪೂರ್ತಿ ಮುಚ್ಚಬೇಕು. ಪ್ಯಾಂಟಿನ ಜೇಬಿಗೆ ತುರುಕಿದರೆ ಕೀ ಗೊಂಚಲು, ಪೆನ್ನು, ಯಾವುದು ಟ್ರಿಗರಿಗೆ ಸಿಕ್ಕಿಕೊಂಡೀತೋ ಬಲ್ಲವರಾರು? ಸಾರ್ವಜನಿಕ ಸ್ಥಳದಲ್ಲಿ ಆಯುಧವನ್ನು ಪೂರ್ತಿ ಮುಚ್ಚಿ, ತನ್ನ ಹಿಡಿತ ತಪ್ಪದಂತೆ ಒಯ್ಯಬೇಕೆಂದು ನಿಯಮವೂ ಹೇಳುತ್ತದೆ. ಬೈಕಿನ ಡಿಕ್ಕಿಯಲ್ಲಿಟ್ಟು ಕಾಫಿಗೆ ಹೋದರೆ ಅದು ಹಿಡಿತವೇ?

ಉಳಿದವು ಸಣ್ಣ ಖರ್ಚಿನವು. ನಳಿಕೆ ಉಜ್ಜುವ ಸಲಾಕೆ, ಬ್ರಷ್ಷು, ಬಟ್ಟೆ ತುಂಡು, ಎಣ್ಣೆ. ಅಭ್ಯಾಸದ ಹೊತ್ತಿಗೆ ಕಿವಿಗೆ ಮುಚ್ಚಳ, ಕಣ್ಣಿಗೆ ಗಟ್ಟಿ ಕನ್ನಡಕ. ಮನೆಯಲ್ಲಿ ಕೈ ಪಳಗಿಸಲು ಮದ್ದಿಲ್ಲದ ನಕಲಿ ತೋಟಾ. ಆ ಅಭ್ಯಾಸ ನಡೆಯುವಾಗ ನಿಜವಾದ ತೋಟಾ ಆ ಕೋಣೆಯಲ್ಲೇ ಇರಕೂಡದು.

ಮೊದಲು ಕಲಿಯಬೇಕಾದ್ದು

ಮೊದಲ ಪಾಠ ಹೊಡೆಯುವುದಲ್ಲ, ಖಾಲಿ ಮಾಡುವುದು. "ಖಾಲಿ ಇದೆ ಬಿಡ್ರೀ" ಎಂಬ ಮಾತಿನಷ್ಟು ಅಪಾಯದ ಮಾತು ಇನ್ನೊಂದಿಲ್ಲ. ಪಿಸ್ತೂಲಿನ ಮ್ಯಾಗಜಿನ್ ಹೊರಗೆ ಬಂದರೂ ನಳಿಕೆಯ ಬುಡದಲ್ಲಿ ಒಂದು ತೋಟಾ ಕೂತಿರಬಹುದು. ಆದ್ದರಿಂದ ಮೊದಲು ಮ್ಯಾಗಜಿನ್ ತೆಗೆಯಬೇಕು, ಆಮೇಲೆ ಸ್ಲೈಡ್ ಹಿಂದಕ್ಕೆಳೆಯಬೇಕು. ಕಣ್ಣಿಂದ ನೋಡಬೇಕು, ಬೆರಳಿಂದಲೂ ಮುಟ್ಟಿ ನೋಡಬೇಕು. ಕ್ರಮ ತಪ್ಪಿ ಮೊದಲು ಸ್ಲೈಡ್ ಎಳೆದು ಆಮೇಲೆ ಮ್ಯಾಗಜಿನ್ ತೆಗೆದರೆ ಹಳೆಯ ತೋಟಾ ಹೊರಬಿದ್ದು ಹೊಸದು ಒಳಗೆ ಕೂರುತ್ತದೆ. ಯಜಮಾನ ಖಾಲಿಯೆಂದೇ ನಂಬಿರುತ್ತಾನೆ! ರಿವಾಲ್ವರ್ ಆದರೆ ತೆರೆದು, ತೋಟಾಗಳನ್ನೆಲ್ಲ ಕೈಗೆ ಸುರಿದುಕೊಂಡು ಎಣಿಸಬೇಕು. ಕೊಡುವವನೂ ನೋಡಬೇಕು, ತೆಗೆದುಕೊಳ್ಳುವವನೂ ನೋಡಬೇಕು.

ಮಿಕ್ಕ ಪಾಠ ಮೂರೇ ಮಾತು. ನಳಿಕೆಯ ಬಾಯಿ ಯಾವ ಹೊತ್ತಿನಲ್ಲೂ ಮನುಷ್ಯರ ಕಡೆ ತಿರುಗಬಾರದು. ಗುರಿಯಿಟ್ಟು ಹೊಡೆಯಲು ನಿರ್ಧರಿಸುವ ತನಕ ಬೆರಳು ಟ್ರಿಗರಿನ ಹೊರಗಿರಬೇಕು. ಗುರಿಯ ಹಿಂದೆ ಏನಿದೆ ಎಂಬುದು ಗೊತ್ತಿರಬೇಕು. ಇದಕ್ಕೆ ಊರವರು ಇನ್ನೊಂದು ಸೇರಿಸುತ್ತಾರೆ: 'ಗುಂಡು' ಹಾಕಿದವರು ಗುಂಡು ಮುಟ್ಟಬಾರದು.

ಬಸ್ಸಿಗೆ ಕಾಯುವವರಿಗೇನು?

"ಸಾಹುಕಾರ್ರ ರಿವಾಲ್ವರು, ಸಾಹುಕಾರ್ರ ಪಾಡು. ಬಸ್ಸಿಗೆ ಕಾಯೋರಿಗೇನು?" ಎನ್ನಬಹುದು. ಅಂಗಡಿಯಿಂದ ಹೊರಟ ಗುಂಡು ಅಂಗಡಿಯಲ್ಲೇ ನಿಲ್ಲುವುದಿಲ್ಲ ಸ್ವಾಮಿ! ಕೈ ಒಂದೇ ಒಂದು ಡಿಗ್ರಿ ಓರೆಯಾದರೂ 10 ಮೀಟರ್ ದೂರದಲ್ಲಿ ಗುಂಡು ಸುಮಾರು 17 ಸೆಂಟಿಮೀಟರ್ ಆಚೆ ಬೀಳುತ್ತದೆ. ಉದ್ದ ನಳಿಕೆಯ ಬಂದೂಕನ್ನು ಭುಜಕ್ಕೆ ಆನಿಸಿ ಹಿಡಿಯಬಹುದು. ಕೈಯಗಲದ ರಿವಾಲ್ವರಿಗೆ ಮಣಿಕಟ್ಟೇ ಆಧಾರ. ಹೆದರಿದವನ ಮಣಿಕಟ್ಟು ನಡುಗದೇ ಇರುತ್ತದೆಯೇ? ಸಂಜೆ 6 ಗಂಟೆಯ ಬಸ್ಸಿಗೆ ಜನ ಮುಗಿಬಿದ್ದಿರುವಾಗ ಗುರಿಯ ಹಿಂದೆ ಗೋಡೆಯಿಲ್ಲ, ಇರುವುದು ಶಾಲೆ ಮಕ್ಕಳು, ತರಕಾರಿ ಬುಟ್ಟಿಯವರು.

ಮದುವೆ ದಿಬ್ಬಣದಲ್ಲಿ, ಗೆದ್ದವರ ಮೆರವಣಿಗೆಯಲ್ಲಿ ಗಾಳಿಗೆ ಗುಂಡು ಹಾರಿಸುವ ಶೋಕಿಯವರಿಗೂ ಒಂದು ಮಾತು. ಮೇಲೆ ಹೋದ ಗುಂಡು ಎಲ್ಲಾದರೂ ಇಳಿಯಲೇಬೇಕು. ಸಂಭ್ರಮಕ್ಕೆಂದು ಹಾರಿಸಿ ಜನರ ಪ್ರಾಣಕ್ಕೆ ಕುತ್ತು ತಂದರೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಇದು 2019ರ ತಿದ್ದುಪಡಿ ತಂದ ಶಿಕ್ಷೆ.

ಇನ್ನು ಆತ್ಮರಕ್ಷಣೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಈ ಹಕ್ಕು ಇದೆ. ಆದರೆ ರಕ್ಷಣೆಗೆ ಎಷ್ಟು ಅಗತ್ಯವೋ ಅಷ್ಟೇ. ಚೀಲ ಕಿತ್ತು ಓಡಿ ಹೋಗುತ್ತಿರುವವನ ಬೆನ್ನಿಗೆ ಹೊಡೆದರೆ ಚೀಲದ ಯಜಮಾನನೇ ಕಟಕಟೆಯಲ್ಲಿ ನಿಲ್ಲಬೇಕಾದೀತು. ಈ ಪಾಠವನ್ನು ಆಯುಧ ಕೊಳ್ಳುವ ಮೊದಲೇ ಹೇಳಬೇಕು, ಜಾಮೀನಿಗೆ ಓಡಾಡುವಾಗ ಅಲ್ಲ.

ಆಗಬೇಕಾದ್ದು

ರಾಜ್ಯದ ಹಲವು ಜಿಲ್ಲೆಗಳಲ್ಲಿ ಪೊಲೀಸ್ ಇಲಾಖೆ ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತದೆ. ಒಳ್ಳೆಯ ಕೆಲಸ. ಆದರೆ ಬಂದೂಕು ಕಲಿತವನಿಗೆ ರಿವಾಲ್ವರ್ ತಾನಾಗಿ ಬಂತೆಂದು ತಿಳಿಯಬಾರದು. ಲಾರಿ ಓಡಿಸುವವನು ಸೈಕಲ್ಲನ್ನು ಬೇರೆಯಾಗಿಯೇ ಕಲಿಯಬೇಕು. ಕೈಬಂದೂಕು ಇರುವವರಿಗೇ ವರ್ಷಕ್ಕೆ ಎರಡು ಸಲ ಪೊಲೀಸ್ ಮೈದಾನದಲ್ಲಿ ಅಭ್ಯಾಸ ಏರ್ಪಡಿಸಲಿ. ಖರ್ಚನ್ನು ಲೈಸೆನ್ಸ್ ಪಡೆದವರೇ ಕೊಡಲಿ, ಲಕ್ಷ ಕೊಟ್ಟವರಿಗೆ ಇದು ಭಾರವಲ್ಲ. ಖಾಲಿ ಮಾಡಿ ತೋರಿಸಲು ಬಾರದವನಿಗೆ ಪ್ರಮಾಣಪತ್ರ ಬೇಡ, ಅವನು ಎಷ್ಟೇ ದೊಡ್ಡ ಮನುಷ್ಯನಾಗಿರಲಿ. ಮನೆಯಲ್ಲಿ ಬೀಗದ ಪೆಟ್ಟಿಗೆ ಇದೆಯೇ ಎಂದು ಒಮ್ಮೆ ಹೋಗಿ ನೋಡಿ ಬರಲಿ. ವರ್ತಕರ ಸಂಘದವರೂ ಸುಮ್ಮನೆ ಕೂರಬಾರದು. ತಮ್ಮಲ್ಲಿ ಲೈಸೆನ್ಸ್ ಇರುವವರನ್ನು ತಾವೇ ಕರೆದುಕೊಂಡು ಹೋಗಿ ಕಲಿಸಲಿ.

ಇಷ್ಟಕ್ಕೆ ಹೊಸ ಕಾನೂನು ಬೇಕಿಲ್ಲ, ಇರುವುದನ್ನು ನೆಟ್ಟಗೆ ನಡೆಸಿದರೆ ಸಾಕು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂಬ ಗಾದೆ ಎಲ್ಲರಿಗೂ ಬಾಯಿಪಾಠ. ಮಗುವೊಂದರ ಕೈಗೆ ಅಪ್ಪನ ರಿವಾಲ್ವರ್ ಸಿಗುವ ಮೊದಲೇ ಜಿಲ್ಲಾಡಳಿತಕ್ಕೂ, ವರ್ತಕರಿಗೂ ಅದು ನೆನಪಾಗುವುದೇ?