ಶಸ್ತ್ರ ಕೆಳಗಿಟ್ಟ ಮೇಲೆ

ಕಾಶಿಗೆ ಹೋಗಿಬಂದ ಕನ್ನಡಿಗರು ಘಾಟುಗಳ ಬಗ್ಗೆ ಹೇಳುತ್ತಾರೆ, ಜಂಗಮವಾಡಿ ಮಠದ ಬಗ್ಗೆ ಹೇಳುತ್ತಾರೆ. ಲಂಕಾ ಬಡಾವಣೆಯಾಚೆಗಿನ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಸರ್ ಸುಂದರ್‌ಲಾಲ್ ಆಸ್ಪತ್ರೆಯ ಬಗ್ಗೆ ಹೇಳುವವರು ಕಡಿಮೆ. ಪೂರ್ವಾಂಚಲ, ಬಿಹಾರ, ಜಾರ್ಖಂಡ್‌ಗಳ ರೋಗಿಗಳಿಗೆ ಕಾಶಿಯೆಂದರೆ ಆ ಆಸ್ಪತ್ರೆಯೂ ಹೌದು. 2019ರಲ್ಲಿ ಟಾಟಾ ಸ್ಮಾರಕ ಕೇಂದ್ರದ ಎರಡು ಕ್ಯಾನ್ಸರ್ ಆಸ್ಪತ್ರೆಗಳೂ ಅಲ್ಲಿ ಉದ್ಘಾಟನೆಯಾದವು. ಮೋಕ್ಷಕ್ಕೆ ಹೋಗುವ ಊರಿಗೆ ಬದುಕಿ ಬರಲೆಂದು ಹೋಗುವವರೂ ಇದ್ದಾರೆ.

ಸುಶ್ರುತನಿಗೆ ಶಸ್ತ್ರವಿದ್ಯೆ ಕಲಿಸಿದವನು ಕಾಶಿರಾಜ ದಿವೋದಾಸ ಎಂಬುದು ಪರಂಪರೆಯ ಮಾತು. ಸುಶ್ರುತನೆಂದರೆ ನಾವು ಮೂಗು ಜೋಡಿಸಿದ್ದನ್ನೇ ನೆನೆಯುತ್ತೇವೆ. ಆದರೆ ಸುಶ್ರುತ ಸಂಹಿತೆಯ ಸೂತ್ರಸ್ಥಾನದ 19ನೆಯ ಅಧ್ಯಾಯ ಪೂರ್ತಿ ಗಾಯಗೊಂಡವನ ಆರೈಕೆಯದು: ಮನೆ ಶುಚಿಯಾಗಿರಲಿ, ಗಾಳಿ ನೇರ ಬಡಿಯದಿರಲಿ, ಸ್ನೇಹಿತರು ಪಕ್ಕದಲ್ಲಿ ಕೂತು ಹಿತವಾದ ಕಥೆ ಹೇಳಿ ನೋವು ಮರೆಸಲಿ. ಶಸ್ತ್ರ ಕೆಳಗಿಟ್ಟ ಕೂಡಲೇ ಚಿಕಿತ್ಸೆ ಮುಗಿಯಲಿಲ್ಲ ಎಂಬ ತಿಳಿವಳಿಕೆ ಅಲ್ಲಿದೆ. ಇಂದಿನ ನಮ್ಮ ವಾರ್ಡುಗಳಲ್ಲಿ ಅದೇ ಕಡಿಮೆ.

ಆಪರೇಷನ್ ಆದವನಿಗೆ ನೋವಿದ್ದರೆ ಅವನು ಕೆಮ್ಮುವುದಿಲ್ಲ. ಕೆಮ್ಮದಿದ್ದರೆ ಕಫ ಶ್ವಾಸಕೋಶದಲ್ಲೇ ಕಟ್ಟುತ್ತದೆ. ಎದ್ದು ನಡೆಯದಿದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ. ಆದ್ದರಿಂದ ನೋವು ತಗ್ಗಿಸುವುದು ಉಪಚಾರದ ಮಾತಷ್ಟೇ ಅಲ್ಲ, ಚೇತರಿಕೆಯ ಮೊದಲ ಮೆಟ್ಟಿಲು.

ಇದಕ್ಕೆ ನೆರವಾಗುವ ಸಣ್ಣ ಯಂತ್ರವೊಂದು ಬಹಳಷ್ಟು ಫಿಸಿಯೋಥೆರಪಿ ವಿಭಾಗಗಳಲ್ಲಿ ಈಗಾಗಲೇ ಇದೆ: ಟೆನ್ಸ್. ಬ್ಯಾಟರಿಯಿಂದ ನಡೆಯುವ ಡಬ್ಬಿ, ಎರಡು ವೈರು, ಚರ್ಮಕ್ಕೆ ಅಂಟಿಸುವ ಪಟ್ಟಿಗಳು. ಸೂಜಿಯಿಲ್ಲ, ಕೊಯ್ತವಿಲ್ಲ. ಹೊಲಿಗೆಯ ಅಕ್ಕಪಕ್ಕದ ಗಾಯವಿಲ್ಲದ ಚರ್ಮದ ಮೇಲೆ ಪಟ್ಟಿ ಅಂಟಿಸಿ ಮೆಲುವಾದ ವಿದ್ಯುತ್ ಹರಿಸುತ್ತಾರೆ. ಪೆಟ್ಟಾದ ಜಾಗವನ್ನು ನಾವು ಕೈಯಿಂದ ಉಜ್ಜಿಕೊಳ್ಳುವುದಿಲ್ಲವೇ? ಸ್ಪರ್ಶದ ನರಗಳು ಎಚ್ಚೆತ್ತರೆ ನೋವಿನ ಸುದ್ದಿಗೆ ಬೆನ್ನುಹುರಿಯಲ್ಲಿ ಬಾಗಿಲು ಅರೆ ಮುಚ್ಚುತ್ತದೆ ಎಂದು ಮೆಲ್ಜಾಕ್ ಮತ್ತು ವಾಲ್ 1965ರಲ್ಲಿ ವಾದಿಸಿದರು. ಟೆನ್ಸ್‌ನ ಬೇರು ಅಲ್ಲಿದೆ.

ಫಲವಿದೆಯೇ? 21 ಪ್ರಯೋಗಗಳ 1350 ರೋಗಿಗಳ ಫಲಿತಾಂಶ ಒಟ್ಟುಗೂಡಿಸಿದ 2003ರ ವಿಶ್ಲೇಷಣೆಯೊಂದರ ಪ್ರಕಾರ, ಶಸ್ತ್ರಚಿಕಿತ್ಸೆಯ ನಂತರ ಟೆನ್ಸ್ ಪಡೆದವರಿಗೆ ನೋವುನಿವಾರಕ ಔಷಧ ಸರಾಸರಿ ಶೇ. 26.5ರಷ್ಟು ಕಡಿಮೆ ಸಾಕಾಯಿತು. ಇನ್ನೂ ಮುಖ್ಯವಾದದ್ದು ಒಳವಿವರ. ನೋಯಿಸದಷ್ಟು, ಆದರೆ ಜೋರಾಗಿಯೇ ವಿದ್ಯುತ್ ಕೊಟ್ಟ ಪ್ರಯೋಗಗಳಲ್ಲಿ ಇಳಿಕೆ ಶೇ. 35.5. ಸರಿಯಾದ ಪ್ರಮಾಣ ಕೊಟ್ಟ ಖಾತ್ರಿಯಿಲ್ಲದ ಪ್ರಯೋಗಗಳಲ್ಲಿ ಶೇ. 4.1 ಮಾತ್ರ. ಅಂದರೆ ಯಂತ್ರ ಕೊಂಡರೆ ಸಾಲದು, ಪಕ್ಕದಲ್ಲಿ ನಿಂತು ಗುಂಡಿ ತಿರುಗಿಸಲು ಬಲ್ಲ ಮನುಷ್ಯ ಬೇಕು.

ಕಿವಿಯ ಚರ್ಮದ ಮೂಲಕ ವೇಗಸ್ ನರವನ್ನು ಪ್ರಚೋದಿಸುವ ಸಾಧನಗಳ ಮಾತು ಬೇರೆ. ಈ ನರ ಮೆದುಳಿನಿಂದ ಕರುಳಿನವರೆಗೆ ಇಳಿಯುತ್ತದೆ, ಅದರ ಒಂದು ಕವಲು ಕಿವಿಗೂ ಬರುತ್ತದೆ. ಅದನ್ನು ಪ್ರಚೋದಿಸಿದರೆ ಇಲಿಗಳಲ್ಲಿ ಉರಿಯೂತ ತಗ್ಗುತ್ತದೆಂದು 2000ದಲ್ಲಿ ಕೆವಿನ್ ಟ್ರೇಸಿ ಅವರ ತಂಡ ತೋರಿಸಿತು. ಹೊಟ್ಟೆಯ ಆಪರೇಷನ್ ನಂತರ ಸುಮ್ಮನಾದ ಕರುಳು ಇದರಿಂದ ಬೇಗ ಚಲಿಸೀತೇ ಎಂಬ ಪ್ರಶ್ನೆ ಸಹಜ. ಆದರೆ ಪ್ರಶ್ನೆಯನ್ನೇ ಉತ್ತರವೆಂದು ಮಾರುವುದು ತಪ್ಪು. ಅದು ಸದ್ಯಕ್ಕೆ ಪ್ರಯೋಗದಲ್ಲಿರಲಿ, ರೋಗಿಯ ಬಿಲ್ಲಿನಲ್ಲಿ ಬೇಡ.

ನನಗಿರುವ ದೊಡ್ಡ ಆತಂಕ ಇನ್ನೊಂದು. ಅಮೆರಿಕದಲ್ಲಿ ಇಂಥ ಸಾಧನಗಳತ್ತ ಒಲವು ಹೆಚ್ಚಲು ಕಾರಣ ಅಲ್ಲಿನ ಅಫೀಮು ಜಾತಿಯ ಔಷಧಗಳ ಅತಿಬಳಕೆ. ನಮ್ಮದು ಅದರ ತದ್ವಿರುದ್ಧ ಕಥೆ. 1985ರ ಮಾದಕ ವಸ್ತು ಕಾಯ್ದೆಯ ಭಯದಿಂದ ಎಷ್ಟೋ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. 2014ರ ತಿದ್ದುಪಡಿ ನಿಯಮ ಸಡಿಲಿಸಿದರೂ ಅಭ್ಯಾಸ ಸಡಿಲಲಿಲ್ಲ. ಔಷಧವೇ ಸಿಗದವನಿಗೆ ಔಷಧ ಶೇ. 26ರಷ್ಟು ಉಳಿಯುತ್ತದೆ ಎಂದರೆ ಏನರ್ಥ? ಅಗ್ಗದ ಯಂತ್ರವಿದೆ, ಮಾರ್ಫಿನ್ ಯಾಕೆ ಎಂಬ ನೆಪ ಹುಟ್ಟಿಕೊಂಡರೆ ನೋವು ತಿನ್ನುವವನು ಬಡ ರೋಗಿಯೇ. ಟೆನ್ಸ್ ಔಷಧದ ಜೊತೆಗಿರಬೇಕು, ಅದರ ಬದಲಿಗಲ್ಲ. ಪೇಸ್‌ಮೇಕರ್ ಇದ್ದವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಲೂಬಾರದು.

ಕಾಶಿಯಂಥ ಊರಿನ ದೊಡ್ಡ ಸರ್ಕಾರಿ ಆಸ್ಪತ್ರೆಗಳು, ಹಾಗೆಯೇ ನಮ್ಮ ಜಿಲ್ಲಾಸ್ಪತ್ರೆಗಳು, ಮಾಡಬಹುದಾದದ್ದು ಸರಳ. ಯಂತ್ರ ಫಿಸಿಯೋಥೆರಪಿ ಕೋಣೆಯಿಂದ ಶಸ್ತ್ರಚಿಕಿತ್ಸೆಯ ವಾರ್ಡಿಗೆ ಬರಲಿ. ಬಳಸಲು ನರ್ಸ್‌ಗಳಿಗೆ ತರಬೇತಿ ಸಿಗಲಿ. ಜ್ವರ, ರಕ್ತದೊತ್ತಡ ಬರೆಯುವ ಹಾಳೆಯಲ್ಲೇ ನೋವಿಗೂ ಒಂದು ಸಾಲಿರಲಿ. ನಮ್ಮ ರೋಗಿಗಳಲ್ಲಿ ಫಲವೆಷ್ಟು ಎಂಬ ಲೆಕ್ಕ ಆ ಹಾಳೆಗಳಿಂದಲೇ ಸಿಕ್ಕೀತು. ಆದರೆ ಆ ಸಾಲು ತುಂಬಬೇಕಾದರೆ ಯಾರಾದರೂ ಹಾಸಿಗೆಯ ಬಳಿ ನಿಂತು, ನೋವು ಎಷ್ಟಿದೆ ಎಂದು ಕೇಳಲೇಬೇಕು.