ಕರುಣೆ ಬರುವವರೆಗೆ ಕಾಯಬೇಕೆ?

ಮನಸ್ಸು ಮೆತ್ತಗಾದ ಮೇಲೆ ಸೇವೆಗೆ ಇಳಿಯೋಣ ಎಂದುಕೊಂಡವರಲ್ಲಿ ಬಹಳ ಮಂದಿ ಇಳಿಯುವುದೇ ಇಲ್ಲ. ಹೆಚ್ಚಿನವರಲ್ಲಿ ಕೈ ಮೊದಲು ಕೆಲಸಕ್ಕೆ ತೊಡಗುತ್ತದೆ, ಮನಸ್ಸು ನಿಧಾನವಾಗಿ ಪಳಗುತ್ತದೆ ಎಂಬುದು ನನ್ನ ನಂಬಿಕೆ.

ಇದಕ್ಕೆ ಕೇರಳದಲ್ಲಿ ದೊಡ್ಡ ಉದಾಹರಣೆಯಿದೆ. ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಅವರ ಜೊತೆಗಾರರು 1993ರಲ್ಲಿ ಕಲ್ಲಿಕೋಟೆಯ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ, ವಾಸಿಯಾಗದ ಕಾಯಿಲೆಯವರ ನೋವು ತಗ್ಗಿಸಲೆಂದು ಉಪಶಾಮಕ ಆರೈಕೆಯ ಸಂಘ ಕಟ್ಟಿದರು. ಆದರೆ ಹಾಸಿಗೆ ಹಿಡಿದವರಲ್ಲಿ ಆಸ್ಪತ್ರೆಯ ತನಕ ಬರಲಾಗದವರೇ ಬಹಳ. ಹಾಗಾಗಿ ಮುಂದೆ ಮಲಪ್ಪುರಂ ಮೊದಲಾದ ಕಡೆ ನೆರೆಹೊರೆಯವರೇ ತರಬೇತಿ ಪಡೆದು ಮನೆಮನೆಗೆ ಹೋಗತೊಡಗಿದರು. ಅಂಗಡಿಯವರು, ಮೇಷ್ಟ್ರುಗಳು, ಕಾಲೇಜು ಹುಡುಗರು, ಗೃಹಿಣಿಯರು, ಯಾರೂ ಸಂತರಲ್ಲ. ವಾರದಲ್ಲಿ ಒಂದಿಷ್ಟು ಹೊತ್ತು ಕೊಡುತ್ತೇವೆಂದು ಒಪ್ಪಿಕೊಂಡವರು, ಅಷ್ಟೆ. ಆ ಒಪ್ಪಂದವೇ ಮುಖ್ಯ. ಕನಿಕರ ಉಕ್ಕದ ದಿನವೂ ಹೋಗಲೇಬೇಕು.

ನನ್ನ ಮನಸ್ಸು ಬೆಳೆಯಲೆಂದು ಇನ್ನೊಬ್ಬರ ನೋವನ್ನು ಬಳಸಿಕೊಂಡಂತಾಗಲಿಲ್ಲವೆ ಎಂದು ಯಾರಾದರೂ ಕೇಳಬಹುದು. ಕೇಳಲೇಬೇಕಾದ ಮಾತು. ಹುಟ್ಟುಹಬ್ಬದಂದು ಆಸ್ಪತ್ರೆಯಲ್ಲಿ ಹಣ್ಣು ಬ್ರೆಡ್ಡು ಹಂಚಿ ಫೋಟೊ ತೆಗೆಸಿಕೊಳ್ಳುವುದರಲ್ಲಿ ಆ ಅಪಾಯ ಇದ್ದೇ ಇದೆ. ಏನು ಕೊಡಬೇಕು, ಯಾವಾಗ ಕೊಡಬೇಕು ಎಂಬುದೆಲ್ಲ ಅಲ್ಲಿ ಕೊಡುವವನ ಇಷ್ಟ. ಮಗ್ಗುಲು ಬದಲಿಸಲಾಗದ ರೋಗಿಯ ಪಕ್ಕದಲ್ಲಿ ಹಾಗೆ ನಡೆಯದು. ಎರಡು ಗಂಟೆಗೊಮ್ಮೆಯಾದರೂ ಅವರನ್ನು ಹೊರಳಿಸದಿದ್ದರೆ ಬೆನ್ನಿನಲ್ಲಿ, ಹಿಮ್ಮಡಿಯಲ್ಲಿ ಹುಣ್ಣಾಗಬಹುದು. ಬಾಯಿ ಒಣಗಿದರೆ ಆಗಲೇ ಒದ್ದೆ ಮಾಡಬೇಕು. ಅವರಿಗೆ ಮಾತು ಬೇಡವಾದಾಗ ಸುಮ್ಮನೆ ಕೂರಬೇಕು, ಸಮಾಧಾನ ಹೇಳುವ ಚಪಲವನ್ನು ನುಂಗಿಕೊಳ್ಳಬೇಕು. ನನಗಂತೂ ಇದೇ ಎಲ್ಲಕ್ಕಿಂತ ಕಷ್ಟದ ಪಾಠವೆನಿಸುತ್ತದೆ. ಇನ್ನೊಬ್ಬರ ಅಗತ್ಯ ನಮ್ಮ ಗಡಿಯಾರವಾದಾಗ ನಮ್ಮ ಬಗ್ಗೆ ಯೋಚಿಸಲು ಬಿಡುವೇ ಇರುವುದಿಲ್ಲ. ಮನಸ್ಸು ಬೆಳೆಯುವುದು ಆ ಹೊತ್ತಿನಲ್ಲೇ.

ಆದರೂ ಸೇವೆ ಎಲ್ಲರ ಹೃದಯವನ್ನೂ ಪೋಷಿಸುತ್ತದೆ ಎಂದುಬಿಟ್ಟರೆ ಅದು ಕ್ರೂರವಾಗುತ್ತದೆ. ಹಗಲಿರುಳು ಒಬ್ಬಳೇ ಅತ್ತೆಯನ್ನೋ ಗಂಡನನ್ನೋ ನೋಡಿಕೊಳ್ಳುವ ಹೆಂಗಸನ್ನು ಯಾರೂ ಸೇವಕಿ ಎಂದು ಸನ್ಮಾನಿಸುವುದಿಲ್ಲ. ಅವಳ ನಿದ್ದೆ ಕೆಡುತ್ತದೆ, ಸೊಂಟ ಬೀಳುತ್ತದೆ, ಒಮ್ಮೊಮ್ಮೆ ರೋಗಿಯ ಮೇಲೇ ರೇಗಿ ಆಮೇಲೆ ಅಳುತ್ತಾಳೆ. ಅವಳಿಗೆ ತ್ಯಾಗದ ಮಹಿಮೆ ಹೇಳುವುದು ನಮ್ಮ ಪಾಲನ್ನು ತಪ್ಪಿಸಿಕೊಳ್ಳುವ ಉಪಾಯ. ಹೊರೆ ಹಂಚಿಕೆಯಾದಾಗ ಮಾತ್ರ ಅವಳಲ್ಲೂ ಪ್ರೀತಿ ಉಳಿದೀತು. ಪಕ್ಕದ ಮನೆಯವರು ಬಂದು, "ನೀವು ಸ್ವಲ್ಪ ಮಲಗಿಕೊಳ್ಳಿ, ನಾನು ಕೂತಿರ್ತೀನಿ" ಎಂದರೆ ಅವಳಿಗೂ ಉಸಿರಾಡಲು ಹೊತ್ತು ಸಿಗುತ್ತದೆ, ಬಂದವರ ಮನಸ್ಸೂ ಹದವಾಗುತ್ತದೆ.

ಹೊರೆ ಹಂಚಿಕೊಳ್ಳಲು ಸರ್ಕಾರವೂ ಕೈಜೋಡಿಸಬಹುದು. ಕೇರಳ ಸರ್ಕಾರ 2008ರಲ್ಲಿ ಉಪಶಾಮಕ ಆರೈಕೆಗೆ ನೀತಿಯನ್ನೇ ರೂಪಿಸಿತು. ಅಲ್ಲಿ ಪಂಚಾಯಿತಿಗಳೂ ಮನೆಗೆ ನರ್ಸುಗಳನ್ನು ಕಳಿಸುತ್ತವೆ. ನಮ್ಮಲ್ಲೂ ಬೆಂಗಳೂರಿನ ಕರುಣಾಶ್ರಯ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಿದೆ. ಆದರೆ ತಾಲ್ಲೂಕಿನ ಹಳ್ಳಿಯಲ್ಲಿ ಮಲಗಿದವರಿಗೆ ಬೆಂಗಳೂರು ದೂರ. ನಮ್ಮ ಗ್ರಾಮಸಭೆಗಳು ರಸ್ತೆ, ಚರಂಡಿಯ ಲೆಕ್ಕ ನೋಡುವಾಗ, ಊರಲ್ಲಿ ಹಾಸಿಗೆ ಹಿಡಿದವರು ಯಾರು, ಅವರ ಮನೆಗೆ ಈ ವಾರ ಯಾರು ಹೋಗುತ್ತಾರೆ ಎಂಬುದನ್ನೂ ಕೇಳಲಿ.